ಚೌಳು ನೆಲದ ಬ್ರಾಹ್ಮಿ

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಎಲ್ಲರಿಗೂ ಗೊತ್ತು. ಗದ್ದೆ ಬದುವಿನ ಗಿಡದ ಪಾಡು ಅದಕ್ಕಿಂತ ಕಡೆ. ಮದ್ದು ಎನ್ನಿಸಿಕೊಳ್ಳುವ ಮಾತಿರಲಿ, ಅದಕ್ಕೆ ಊರಿನಲ್ಲಿ ಒಂದು ಹೆಸರೂ ಇರುವುದಿಲ್ಲ. ‘ಕಳೆ’ ಎಂದರೆ ಮುಗಿಯಿತು.

ಮಳವಳ್ಳಿಯಿಂದ ಕನಕಪುರದ ಕಡೆಗೆ ಹೊರಟರೆ ದಾರಿಯಲ್ಲಿ ಹಲಗೂರು ಸಿಗುತ್ತದೆ. ಮುತ್ತತ್ತಿಗೆ ಹೋಗುವವರಿಗೆ ಇದು ಪರಿಚಿತ ಊರು. ಒಂದು ಕಡೆ ಕಾವೇರಿ ಕಣಿವೆಯ ಕಾಡುಗುಡ್ಡಗಳು, ಇನ್ನೊಂದು ಕಡೆ ರಾಗಿಯ ಹೊಲ, ಕೆರೆ, ಕೆರೆಯ ಕೆಳಗಿನ ಗದ್ದೆ. ಇಂಥ ಗದ್ದೆಯ ಬದುವಿನಲ್ಲಿ, ನೀರು ಬಸಿದು ನಿಂತ ತಗ್ಗಿನಲ್ಲಿ, ನೆಲಕ್ಕೆ ಅಂಟಿಕೊಂಡು ಹಬ್ಬುವ ಒಂದು ಪುಟ್ಟ ಗಿಡವಿದೆ. ಬೆರಳಿನ ಉಗುರಿಗಿಂತ ತುಸು ದೊಡ್ಡದಾದ ದಪ್ಪ ಎಲೆ. ಬಿಳುಪಿಗೆ ನಸುನೇರಳೆ ಬೆರೆಸಿದಂಥ, ಐದು ಎಸಳಿನ ಸಣ್ಣ ಹೂ. ಬಗ್ಗಿ ನೋಡದಿದ್ದರೆ ಕಣ್ಣಿಗೇ ಬೀಳುವುದಿಲ್ಲ.

ಗದ್ದೆಯ ಬಳಿ ಸಿಕ್ಕ ಹಿರಿಯ ರೈತರೊಬ್ಬರಿಗೆ ಒಂದು ಕಡ್ಡಿ ಕಿತ್ತು ತೋರಿಸಿ, ‘ಇದೇನು ತಾತ?’ ಎಂದು ಕೇಳಿದ್ದಾಯಿತು.

‘ಅದಾ? ಕಳೆ ಕಣಪ್ಪ. ಕಿತ್ತಷ್ಟೂ ಬತ್ತದೆ. ಬಾಯಿಗಿಟ್ರೆ ಬರೀ ಕಹಿ.’

‘ಬ್ರಾಹ್ಮಿ ಅಂತಾರಲ್ಲ, ಅದು ಇದೇ’ ಎಂದಾಗ ಅವರು ನಕ್ಕುಬಿಟ್ಟರು. ‘ಬ್ರಾಹ್ಮಿ ನಂಗೊತ್ತಿಲ್ವಾ? ಒಂದೆಲಗ ಅಲ್ವಾ ಅದು? ಅದರ ಎಲೆ ದುಂಡಗಿರ್ತದೆ. ಇದು ಆ ಕೆಳಗಡೆ ಚೌಳಾಗಿರೋ ಗದ್ದೇಲೂ ಬೆಳೀತದೆ. ಭತ್ತ ಸಾಯ್ತದೆ, ಇದು ಸಾಯಾಕಿಲ್ಲ’ ಎಂದರು.

ಈ ಎರಡು ಮಾತಿನಲ್ಲಿ ಎರಡು ದೊಡ್ಡ ವಿಷಯಗಳು ಅಡಗಿವೆ. ಒಂದು, ಬ್ರಾಹ್ಮಿ ಎಂದರೆ ಯಾವ ಗಿಡ? ಇನ್ನೊಂದು, ಭತ್ತ ಸಾಯುವ ನೆಲದಲ್ಲಿ ಈ ಗಿಡ ಬದುಕುವುದು ಹೇಗೆ? ನೆನಪಿನ ಶಕ್ತಿಗೆಂದು ಮಕ್ಕಳಿಗೆ ಬ್ರಾಹ್ಮಿ ತಿನ್ನಿಸುವ ತಾಯಂದಿರಿಗೂ, ಗದ್ದೆ ಬೆಳ್ಳಗಾಗುತ್ತಿರುವುದನ್ನು ನೋಡಿ ನಿಟ್ಟುಸಿರು ಬಿಡುವ ರೈತರಿಗೂ ಈ ಪ್ರಶ್ನೆಗಳು ಸಂಬಂಧಪಟ್ಟವು.

ಹೆಸರು ಒಂದು, ಗಿಡ ಎರಡು

ನಮ್ಮಲ್ಲಿ ಬ್ರಾಹ್ಮಿ ಎಂಬ ಹೆಸರು ಎರಡು ಗಿಡಗಳಿಗೆ ಸಲ್ಲುತ್ತಿದೆ. ಮೊದಲನೆಯದು ಎಲ್ಲರೂ ಬಲ್ಲ ಒಂದೆಲಗ. ಮಲೆನಾಡಿನವರು ತಂಬುಳಿ ಮಾಡುವುದು, ದಕ್ಷಿಣ ಕನ್ನಡದವರು ತಿಮರೆ ಎಂದು ಕರೆದು ಚಟ್ನಿ ಅರೆಯುವುದು ಇದನ್ನೇ. ಉದ್ದ ತೊಟ್ಟಿನ ತುದಿಯಲ್ಲಿ ಮೂತ್ರಪಿಂಡದ ಆಕಾರದ, ಅಂಚು ಕಚ್ಚುಕಚ್ಚಾದ ಎಲೆ ಇದರ ಗುರುತು. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಸೆಂಟೆಲ್ಲಾ ಏಷಿಯಾಟಿಕಾ. ಕೊತ್ತಂಬರಿ, ಕ್ಯಾರೆಟ್‌ಗಳ ಕುಟುಂಬಕ್ಕೆ ಸೇರಿದ್ದು.

ಎರಡನೆಯದು ಹಲಗೂರಿನ ಗದ್ದೆಯಂಚಿನಲ್ಲಿ ಕಂಡದ್ದು. ಬಲ್ಲವರು ಇದನ್ನು ನೀರುಬ್ರಾಹ್ಮಿ ಅಥವಾ ಜಲಬ್ರಾಹ್ಮಿ ಎನ್ನುತ್ತಾರೆ. ಇದರ ಎಲೆಗೆ ತೊಟ್ಟೇ ಇಲ್ಲವೆನ್ನಬೇಕು. ಚಮಚದ ಆಕಾರದ ಎಲೆಗಳು ಕಾಂಡದ ಎರಡು ಬದಿಯಲ್ಲಿ ಎದುರುಬದುರಾಗಿ ಕೂತಿರುತ್ತವೆ. ಕಾಂಡ ಮೆತುವು, ಗೆಣ್ಣು ಗೆಣ್ಣಿಗೂ ಬೇರು ಬಿಡುತ್ತ ಮುಂದೆ ಹರಿಯುತ್ತದೆ. ಶಾಸ್ತ್ರೀಯ ಹೆಸರು ಬಕೋಪಾ ಮೊನ್ನಿಯೇರಿ. ಸ್ವೀಡನ್ನಿನ ಪ್ರಸಿದ್ಧ ಸಸ್ಯವಿಜ್ಞಾನಿ ಲಿನೇಯಸ್ 1756ರಲ್ಲಿ ಇದನ್ನು ವರ್ಣಿಸಿದಾಗ ಬೇರೊಂದು ಕುಲಕ್ಕೆ ಸೇರಿಸಿದ್ದ; ಲ ಮೊನ್ನಿಯೆ ಎಂಬ ಫ್ರೆಂಚ್ ಸಸ್ಯವಿಜ್ಞಾನಿಯ ನೆನಪು ಮಾತ್ರ ಹೆಸರಿನ ಎರಡನೆಯ ಭಾಗದಲ್ಲಿ ಅಂದಿನಿಂದಲೂ ಉಳಿದುಕೊಂಡಿದೆ. ಈಚಿನ ವರ್ಗೀಕರಣದಂತೆ ಇದು ಇಸಬ್‌ಗೋಲಿನ ಕುಟುಂಬಕ್ಕೆ ಸೇರಿದ ಗಿಡ. ಅಂದರೆ ಎರಡು ‘ಬ್ರಾಹ್ಮಿ’ಗಳ ನಡುವೆ ನೆಂಟಸ್ತನವೇ ಇಲ್ಲ.

ಈ ಗೊಂದಲ ಇಂದು ನಿನ್ನೆಯದಲ್ಲ. ಚರಕಸಂಹಿತೆಯು ಬುದ್ಧಿಗೆ ಹಿತವೆಂದು ಹೇಳುವ ನಾಲ್ಕು ಮೇಧ್ಯ ರಸಾಯನಗಳಲ್ಲಿ ಮಂಡೂಕಪರ್ಣಿ, ಜ್ಯೇಷ್ಠಮಧು, ಅಮೃತಬಳ್ಳಿ, ಶಂಖಪುಷ್ಪಿ ಇವೆ. ಬ್ರಾಹ್ಮಿ ಎಂಬ ಹೆಸರು ಆ ಪಟ್ಟಿಯಲ್ಲಿಲ್ಲ. ಅದೇ ಗ್ರಂಥದಲ್ಲಿ ಮೂರ್ಛೆರೋಗದ ಚಿಕಿತ್ಸೆಯ ಸಂದರ್ಭದಲ್ಲಿ ಬ್ರಾಹ್ಮಿಯ ಘೃತ ಬರುತ್ತದೆ. ಸುಶ್ರುತಸಂಹಿತೆಯೂ ಮಂಡೂಕಪರ್ಣಿ ಮತ್ತು ಬ್ರಾಹ್ಮಿಯನ್ನು ಬೇರೆ ಬೇರೆಯಾಗಿಯೇ ಹೇಳಿದೆ. ಹಳೆಯ ಗ್ರಂಥಕಾರರ ಮನಸ್ಸಿನಲ್ಲಿ ಇವು ಎರಡು ಗಿಡಗಳೇ ಆಗಿದ್ದವು ಎನ್ನಲು ಇಷ್ಟು ಸಾಕು. ಮಂಡೂಕಪರ್ಣಿ ಎಂದರೆ ಒಂದೆಲಗ, ಬ್ರಾಹ್ಮಿ ಎಂದರೆ ನೀರುಬ್ರಾಹ್ಮಿ ಎಂದು ಇಂದಿನ ಆಯುರ್ವೇದ ವಿದ್ವಾಂಸರಲ್ಲಿ ಹೆಚ್ಚಿನವರು ಒಪ್ಪುತ್ತಾರೆ.

ಕೇರಳದಲ್ಲಿ ಈ ಭೇದ ಚೆನ್ನಾಗಿ ಉಳಿದು ಬಂದಿದೆ. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಪ್ರಕಟವಾದ ಹೋರ್ಟಸ್ ಮಲಬಾರಿಕಸ್ ಎಂಬ ಸಸ್ಯಗ್ರಂಥವನ್ನು ಸ್ಥಳೀಯ ವೈದ್ಯರ ನೆರವಿನಿಂದ ಸಿದ್ಧಪಡಿಸಿದ. ಅದರಲ್ಲಿ ಎರಡೂ ಗಿಡಗಳಿಗೆ ಬೇರೆ ಬೇರೆ ಚಿತ್ರ, ಬೇರೆ ಬೇರೆ ಹೆಸರು ಇವೆ. ಉತ್ತರ ಭಾರತದ ಹಲವೆಡೆ ಮತ್ತು ನಮ್ಮಲ್ಲಿ ಮಾತ್ರ ಒಂದೆಲಗವೇ ಬ್ರಾಹ್ಮಿಯಾಗಿ ನಿಂತಿತು. ಹಾಗೆಂದು ಒಂದೆಲಗವನ್ನು ಬ್ರಾಹ್ಮಿ ಎನ್ನುವ ಅಜ್ಜಿಯರು ತಪ್ಪಿತಸ್ಥರೇನೂ ಅಲ್ಲ. ರೂಢಿಯ ಹೆಸರಿಗೂ ಅದರದೇ ಹಕ್ಕಿದೆ. ತೊಂದರೆ ಬರುವುದು ಅಂಗಡಿಯಲ್ಲಿ. ‘ಬ್ರಾಹ್ಮಿ ಪುಡಿ’ ಎಂದು ಕೊಂಡಾಗ ಪೊಟ್ಟಣದಲ್ಲಿರುವುದು ಯಾವ ಗಿಡ ಎಂದು ಪುಡಿ ನೋಡಿ ಹೇಳುವುದು ಸಾಧ್ಯವಿಲ್ಲ. ಪೊಟ್ಟಣದ ಮೇಲೆ ಶಾಸ್ತ್ರೀಯ ಹೆಸರು ಇದೆಯೇ ಎಂದು ನೋಡಿಕೊಳ್ಳುವುದೊಂದೇ ಗ್ರಾಹಕರಿಗಿರುವ ದಾರಿ.

ಉಪ್ಪಿನಲ್ಲಿ ಬಾಳುವ ಬಗೆ

ಈಗ ತಾತ ಹೇಳಿದ ಎರಡನೆಯ ಮಾತಿಗೆ ಬರೋಣ. ಉಪ್ಪು ನೆಲದಲ್ಲಿ ಬೆಳೆ ಏಕೆ ಸಾಯುತ್ತದೆ?

ಉಪ್ಪಿನಕಾಯಿ ಹಾಕುವಾಗ ಮಾವಿನ ಹೋಳಿಗೆ ಉಪ್ಪು ಬೆರೆಸಿ ಜಾಡಿಯಲ್ಲಿಟ್ಟರೆ ಮಾರನೆಯ ದಿನ ಹೋಳು ಸುರುಟಿ, ತಳದಲ್ಲಿ ನೀರು ನಿಂತಿರುತ್ತದೆ. ಹೋಳಿನ ಒಳಗಿದ್ದ ನೀರನ್ನು ಹೊರಗಿನ ಉಪ್ಪು ಎಳೆದುಕೊಂಡದ್ದರ ಫಲ ಅದು. ಚೌಳು ನೆಲದಲ್ಲಿ ನಿಂತ ಪೈರಿನ ಬೇರಿನ ಸ್ಥಿತಿಯೂ ಇದೇ. ಸುತ್ತ ನೀರಿದ್ದರೂ ಅದನ್ನು ಹೀರಿಕೊಳ್ಳುವುದು ಬೇರಿಗೆ ಕಷ್ಟವಾಗುತ್ತದೆ. ಗದ್ದೆಯ ತುಂಬ ನೀರು, ಪೈರಿಗೆ ಮಾತ್ರ ಬಾಯಾರಿಕೆ. ಇದರ ಮೇಲೆ ಒಳಗೆ ಸೇರಿದ ಸೋಡಿಯಂ, ಕ್ಲೋರೈಡ್‌ಗಳು ಎಲೆಯ ಕೆಲಸವನ್ನೇ ಕೆಡಿಸುತ್ತವೆ. ಎಲೆಯ ತುದಿ ಸುಟ್ಟಂತಾಗುವುದು ಅದರಿಂದಲೇ.

ಉಪ್ಪಿಗೆ ಒಗ್ಗಿದ ಗಿಡಗಳು ಹಲವು ಉಪಾಯ ಕಂಡುಕೊಂಡಿವೆ. ಕೆಲವು ಉಪ್ಪನ್ನು ಬೇರಿನ ಬಾಗಿಲಲ್ಲೇ ತಡೆಯುತ್ತವೆ. ಕರಾವಳಿಯ ಅಳಿವೆಗಳಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳಲ್ಲಿ ಕೆಲವು ಜಾತಿಯವು ಒಳಗೆ ಬಂದ ಉಪ್ಪನ್ನು ಎಲೆಯ ಮೇಲಿನ ಗ್ರಂಥಿಗಳಿಂದ ಹೊರಗೆ ಹಾಕುತ್ತವೆ. ಬಿಸಿಲಿನಲ್ಲಿ ಅವುಗಳ ಎಲೆಯ ಮೇಲೆ ಉಪ್ಪಿನ ಹರಳು ಕಾಣುವುದುಂಟು. ಇನ್ನು ಕೆಲವು ಎಲೆಯಲ್ಲಿ ನೀರು ತುಂಬಿಕೊಂಡು ಉಪ್ಪಿನ ತೀಕ್ಷ್ಣತೆಯನ್ನು ತಗ್ಗಿಸುತ್ತವೆ. ಸಾರಿಗೆ ಉಪ್ಪು ಜಾಸ್ತಿಯಾದರೆ ನೀರು ಬೆರೆಸುವುದಿಲ್ಲವೇ, ಹಾಗೆ. ಉಪ್ಪುನೆಲದ ಸಸ್ಯಗಳಲ್ಲಿ ರಸಭರಿತ ದಪ್ಪ ಎಲೆ ಹೆಚ್ಚಾಗಿ ಕಾಣುವುದಕ್ಕೆ ಇದೂ ಕಾರಣ. ನೀರುಬ್ರಾಹ್ಮಿಯ ಎಲೆಯೂ ಹಾಗೆ ಮಾಂಸಲವಾದದ್ದೇ. ಜೊತೆಗೆ ಅದರ ಕಾಂಡದೊಳಗೆ ಗಾಳಿಯಾಡಲು ಪೊಳ್ಳು ಜಾಗಗಳಿವೆ. ಆದ್ದರಿಂದ ಬೇರು ಕೆಸರಿನಲ್ಲಿ ಮುಳುಗಿದ್ದರೂ ಉಸಿರು ಕಟ್ಟುವುದಿಲ್ಲ.

ಭಾರತ, ಶ್ರೀಲಂಕಾದಿಂದ ಹಿಡಿದು ಆಫ್ರಿಕಾ, ಆಸ್ಟ್ರೇಲಿಯಾ, ಅಮೆರಿಕದ ಬೆಚ್ಚಗಿನ ಭಾಗಗಳವರೆಗೆ ಈ ಗಿಡ ಹರಡಿದೆ. ಕೆರೆಯಂಚಿನ ಸಿಹಿನೀರಿನಲ್ಲೂ ಇದೆ, ನದಿಯ ನೀರಿಗೆ ಕಡಲಿನ ನೀರು ಬೆರೆಯುವ ಅಳಿವೆಯ ಸಪ್ಪೆ ಉಪ್ಪುನೀರಿನಲ್ಲೂ ಇದೆ. ವಿದೇಶಗಳಲ್ಲಿ ಮೀನು ಸಾಕುವವರು ಗಾಜಿನ ತೊಟ್ಟಿಯಲ್ಲಿ ಅಂದಕ್ಕಾಗಿ ಇದನ್ನು ಬೆಳೆಸುತ್ತಾರೆ. ಅರೆ ಉಪ್ಪುನೀರಿನ ತೊಟ್ಟಿಯಲ್ಲೂ ಬಾಳುವ ಕೆಲವೇ ಗಿಡಗಳಲ್ಲಿ ಇದೊಂದು ಎಂಬುದು ಅವರ ಅನುಭವ.

ಒಳನಾಡಿಗೆ ಉಪ್ಪು ಬಂದದ್ದು

ಉಪ್ಪಿನ ನೆಲವೆಂದರೆ ನಮಗೆ ಮೊದಲು ನೆನಪಾಗುವುದು ಕರಾವಳಿ. ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯಲ್ಲಿ ಕಡಲಿನ ನೀರು ಏರಿ ಇಳಿಯುವ ಗಜನಿ ಭೂಮಿಗಳಿವೆ. ಅಲ್ಲಿನ ರೈತರು ಕಗ್ಗ ಎಂಬ ಭತ್ತದ ತಳಿಯನ್ನು ಉಪ್ಪಿಗೆ ಒಗ್ಗಿಸಿ ತಲೆಮಾರುಗಳಿಂದ ಉಳಿಸಿಕೊಂಡು ಬಂದಿದ್ದಾರೆ. ಅಲ್ಲಿ ಉಪ್ಪು ಹೊಸ ಅತಿಥಿಯಲ್ಲ. ಜನರ ಬದುಕೇ ಅದಕ್ಕೆ ಹೊಂದಿಕೊಂಡಿದೆ.

ಕಡಲಿನಿಂದ ನೂರಾರು ಕಿಲೋಮೀಟರ್ ದೂರವಿರುವ ಹಳೆ ಮೈಸೂರಿನ ಒಳನಾಡಿನಲ್ಲೂ ಉಪ್ಪು ಇಲ್ಲದಿರಲಿಲ್ಲ. ಅಗಸರು ಬಟ್ಟೆ ಒಗೆಯಲು ಸೌಳು ಮಣ್ಣು ತರುತ್ತಿದ್ದುದು ಇಲ್ಲಿನ ತಗ್ಗು ನೆಲಗಳಿಂದಲೇ. ಉಪ್ಪಾರರು ಉಪ್ಪಿನ ಮಣ್ಣನ್ನು ಕೆರೆದು, ನೀರಿನಲ್ಲಿ ಕದಡಿ ಸೋಸಿ, ಬಿಸಿಲಿಗೆ ಆರಿಸಿ ಮಣ್ಣುಪ್ಪು ತೆಗೆಯುತ್ತಿದ್ದರು. ಟಿಪ್ಪುವಿನ ಪತನದ ನಂತರ 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಇಂಥ ಕಸುಬುಗಳನ್ನೆಲ್ಲ ತನ್ನ ಪ್ರವಾಸಕಥನದಲ್ಲಿ ದಾಖಲಿಸಿದ್ದಾನೆ. ಆಗ ಚೌಳು ಅಲ್ಲಲ್ಲಿ ಇತ್ತು, ಅದಕ್ಕೊಂದು ಉಪಯೋಗವೂ ಇತ್ತು.

ಚಿತ್ರ ಬದಲಾದದ್ದು ನಾಲೆಯ ನೀರು ಬಂದ ಮೇಲೆ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾಯಿತು. 1930ರ ದಶಕದಲ್ಲಿ ಇರ್ವಿನ್ ನಾಲೆ, ಅಂದರೆ ಈಗಿನ ವಿಶ್ವೇಶ್ವರಯ್ಯ ನಾಲೆ, ಮಂಡ್ಯದ ಒಣಭೂಮಿಗೆ ನೀರು ತಂದಿತು. 1933ರಲ್ಲಿ ಸಕ್ಕರೆ ಕಾರ್ಖಾನೆ ಬಂತು, 1939ರಲ್ಲಿ ಮಂಡ್ಯ ಜಿಲ್ಲೆಯಾಯಿತು. ರಾಗಿ ಬೆಳೆಯುತ್ತಿದ್ದ ನೆಲ ಕಬ್ಬು, ಭತ್ತದ ನೆಲವಾಯಿತು. ಈ ನಾಲೆ ಮಂಡ್ಯಕ್ಕೆ ಕೊಟ್ಟ ಬದುಕನ್ನು ಯಾರೂ ಅಲ್ಲಗಳೆಯಲಾರರು. ಆದರೆ ನೀರು ತರುವ ಕಾಲುವೆಗೆ ಕೊಟ್ಟ ಗಮನವನ್ನು ನೀರು ಹೊರಗೆ ಕೊಂಡೊಯ್ಯುವ ಬಸಿಗಾಲುವೆಗೆ ನಾವು ಕೊಡಲಿಲ್ಲ.

ಲೆಕ್ಕ ಸರಳವಾಗಿದೆ. ಎಷ್ಟೇ ಒಳ್ಳೆಯ ನೀರಾದರೂ ಅದರಲ್ಲಿ ತುಸು ಲವಣ ಕರಗಿರುತ್ತದೆ. ಲೀಟರಿಗೆ 200 ಮಿಲಿಗ್ರಾಂ ಲವಣವಿರುವ ನೀರು ನಾಲಿಗೆಗೆ ಸಿಹಿಯೇ. ಅಂಥ ನೀರನ್ನು ಒಂದು ಎಕರೆಗೆ ವರ್ಷಕ್ಕೆ ಒಟ್ಟು ಒಂದು ಮೀಟರ್ ಆಳದಷ್ಟು ಹಾಯಿಸಿದೆವು ಎಂದುಕೊಳ್ಳೋಣ. ಅದರೊಡನೆ ಸುಮಾರು 800 ಕಿಲೋ, ಅಂದರೆ 50 ಕಿಲೋದ 16 ಮೂಟೆ ಲವಣ ಗದ್ದೆಗೆ ಇಳಿದಂತಾಯಿತು. ನೀರು ಆವಿಯಾಗಿ ಹೋಗುತ್ತದೆ, ಲವಣ ಆವಿಯಾಗುವುದಿಲ್ಲ. ನೀರು ಬಸಿದು ಹೋಗಲು ದಾರಿಯಿದ್ದರೆ ಲವಣವೂ ಅದರೊಡನೆ ಹೋಗುತ್ತದೆ. ದಾರಿಯಿಲ್ಲದಿದ್ದರೆ ಮೇಲಿನ ಗದ್ದೆಯ ಬಸಿನೀರು ಕೆಳಗಿನ ಗದ್ದೆಗೆ ಸೇರಿ, ಅಂತರ್ಜಲ ಮೇಲೇರಿ, ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ಮಣ್ಣಿನ ಸಂದಿನಲ್ಲಿ ನೀರು ಏರಿ ಬಂದು, ಬಿಸಿಲಿಗೆ ಆರಿ, ಲವಣವನ್ನು ಮೇಲೆಯೇ ಬಿಡುತ್ತದೆ. ಬೇಸಿಗೆಯಲ್ಲಿ ಸುಣ್ಣ ಚೆಲ್ಲಿದಂತೆ ಕಾಣುವ ಗದ್ದೆಯ ಕಥೆ ಇದು. ಮೆಸೊಪೊಟೇಮಿಯಾದ ಪ್ರಾಚೀನ ನೀರಾವರಿ ನಾಡಿನಲ್ಲೂ ಹೀಗೆಯೇ ನೆಲ ಉಪ್ಪಾಗಿ, ಗೋಧಿ ಹಿಂದೆ ಸರಿದು ಉಪ್ಪನ್ನು ತಾಳುವ ಬಾರ್ಲಿ ಮುಂದೆ ಬಂತೆಂದು ಇತಿಹಾಸಕಾರರು ಬರೆದಿದ್ದಾರೆ.

ಹೀಗಿರುವಾಗ ಗದ್ದೆಯೊಳಕ್ಕೆ ನೀರುಬ್ರಾಹ್ಮಿ ಹಬ್ಬಿದರೆ ರೈತ ಏನೆಂದು ತಿಳಿಯಬೇಕು? ಸಿಹಿನೀರಿನಲ್ಲೂ ಬೆಳೆಯುವ ಗಿಡವಾದ್ದರಿಂದ ಅದೊಂದನ್ನೇ ನೋಡಿ ನೆಲ ಚೌಳಾಯಿತು ಎನ್ನಲಾಗದು. ಇಲ್ಲಿ ನೀರು ನಿಲ್ಲುತ್ತಿದೆ ಎಂಬುದನ್ನಂತೂ ಅದು ಹೇಳುತ್ತದೆ. ಗಿಡದ ಜೊತೆ ಬಿಳಿ ಪೊರೆಯೂ ಕಂಡರೆ, ಪೈರು ಅಲ್ಲಲ್ಲಿ ಬೋಳಾಗಿ ಈ ಗಿಡ ಮಾತ್ರ ಹಸಿರಾಗಿದ್ದರೆ, ಮಣ್ಣನ್ನು ಪರೀಕ್ಷೆಗೆ ಕಳಿಸಲು ತಡಮಾಡಬಾರದು.

ಪರೀಕ್ಷೆ ಏಕೆಂದರೆ ಚೌಳಿನಲ್ಲಿ ಎರಡು ಬಗೆ. ಕರಗುವ ಲವಣ ಹೆಚ್ಚಾಗಿರುವುದು ಒಂದು ಬಗೆ. ಮಣ್ಣಿನ ದ್ರಾವಣದ ವಿದ್ಯುತ್ ವಾಹಕತೆ 4 ಡೆಸಿಸೀಮನ್ಸ್‌ಗಿಂತ ಮೇಲಿದ್ದರೆ ಅದನ್ನು ಲವಣ ಭೂಮಿ ಎನ್ನುತ್ತಾರೆ. ಇದಕ್ಕೆ ಬಸಿಗಾಲುವೆ ತೆಗೆದು ಒಳ್ಳೆಯ ನೀರಿನಿಂದ ತೊಳೆಯುವುದೇ ಮದ್ದು. ಇನ್ನೊಂದು ಬಗೆಯಲ್ಲಿ ಸೋಡಿಯಂ ಮಣ್ಣಿನ ಕಣಕ್ಕೇ ಅಂಟಿಕೊಂಡು, ಕ್ಷಾರ ಹೆಚ್ಚಿ, ಅಂದರೆ ಪಿ.ಎಚ್. 8.5 ದಾಟಿ, ನೀರು ಇಂಗದಂತಾಗುತ್ತದೆ. ಇದನ್ನು ಬರೀ ನೀರಿನಿಂದ ತೊಳೆದರೆ ಪ್ರಯೋಜನವಿಲ್ಲ. ಜಿಪ್ಸಂ ಹಾಕಿ ಸೋಡಿಯಂ ಬಿಡಿಸಿ ಆಮೇಲೆ ತೊಳೆಯಬೇಕು. ಡಯಾಂಚಾದಂಥ ಹಸಿರೆಲೆ ಗೊಬ್ಬರ ಎರಡಕ್ಕೂ ನೆರವಾಗುತ್ತದೆ. ಮದ್ದು ಯಾವುದಾದರೂ ನೀರು ಹೊರಹೋಗುವ ದಾರಿ ಮಾತ್ರ ಬೇಕೇ ಬೇಕು. ಆ ದಾರಿ ಒಬ್ಬರ ಗದ್ದೆಯಲ್ಲಿ ಮುಗಿಯುವುದಿಲ್ಲ. ಕೆಳಗಿನವರು ಜಾಗ ಬಿಡಬೇಕು, ಮೇಲಿನವರು ನೀರು ಮಿತಿಯಲ್ಲಿ ಹಾಯಿಸಬೇಕು. ಚೌಳು ಒಂದು ಊರಿನ ಸಮಸ್ಯೆಯಾಗುವುದು ಹೀಗೆ.

ಮದ್ದು ಎಷ್ಟು, ಮಾತು ಎಷ್ಟು

ನೀರುಬ್ರಾಹ್ಮಿಯ ಔಷಧಗುಣದ ಬಗ್ಗೆ ಆಧುನಿಕ ವಿಜ್ಞಾನವೂ ಆಸಕ್ತಿ ತೋರಿದೆ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1960ರ ದಶಕದಲ್ಲಿ ಇದರಿಂದ ಬ್ಯಾಕೋಸೈಡ್ ಎಂಬ ಸಾರಾಂಶಗಳನ್ನು ಬೇರ್ಪಡಿಸಿದರು. 2001ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದರಲ್ಲಿ ಆರೋಗ್ಯವಂತರಾದ 46 ಮಂದಿ ಭಾಗವಹಿಸಿದ್ದರು. 12 ವಾರ ದಿನಕ್ಕೆ 300 ಮಿಲಿಗ್ರಾಂ ಸತ್ವ ಸೇವಿಸಿದವರಲ್ಲಿ ಕಲಿಕೆ ಮತ್ತು ಗ್ರಹಿಕೆಯ ಕೆಲವು ಪರೀಕ್ಷೆಗಳಲ್ಲಿ ಸುಧಾರಣೆ ಕಂಡಿತು. 2014ರಲ್ಲಿ 9 ಪ್ರಯೋಗಗಳ 518 ಮಂದಿಯ ವಿವರಗಳನ್ನು ಒಟ್ಟುಗೂಡಿಸಿ ನೋಡಿದವರು, ಮುಖ್ಯವಾಗಿ ಗಮನದ ಚುರುಕು ಹೆಚ್ಚುವ ಸಾಧ್ಯತೆಯಿದೆ ಎಂದರು.

ಇಷ್ಟನ್ನು ಹೇಳುವಾಗ ಉಳಿದದ್ದನ್ನೂ ಹೇಳಬೇಕು. ಈ ಪ್ರಯೋಗಗಳು ಸಣ್ಣವು. ಅಳತೆ ಮಾಡಿ ಸಿದ್ಧಪಡಿಸಿದ ಸತ್ವವನ್ನು ವಾರಗಟ್ಟಲೆ ಸೇವಿಸಿದಾಗ ಸಿಕ್ಕ ಫಲಿತಾಂಶಗಳು ಅವು. ಪರೀಕ್ಷೆಯ ಹಿಂದಿನ ದಿನ ಒಂದು ಚಮಚ ರಸ ಕುಡಿದರೆ ಪಾಠ ತಲೆಗೆ ಹತ್ತುತ್ತದೆ ಎಂದು ಯಾವ ಅಧ್ಯಯನವೂ ಹೇಳಿಲ್ಲ. ಕೆಲವರಿಗೆ ಹೊಟ್ಟೆ ತೊಳಸುವುದು, ಭೇದಿಯಾಗುವುದೂ ಉಂಟು. ಬೇರೆ ಔಷಧ ಸೇವಿಸುತ್ತಿರುವವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು.

ಇದಕ್ಕಿಂತ ದೊಡ್ಡ ಎಚ್ಚರಿಕೆ ಇನ್ನೊಂದಿದೆ. ನೀರುಬ್ರಾಹ್ಮಿ ತಾನು ನಿಂತ ನೀರಿನಲ್ಲಿ ಇರುವುದನ್ನು ಒಳಗೆ ಎಳೆದುಕೊಳ್ಳುವ ಗಿಡ. ಲಖನೌದ ರಾಷ್ಟ್ರೀಯ ಸಸ್ಯವಿಜ್ಞಾನ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1990ರ ಸುಮಾರಿಗೆ ಇದನ್ನು ತಾಮ್ರ, ಕ್ಯಾಡ್ಮಿಯಂ ಬೆರೆತ ನೀರಿನಲ್ಲಿ ಬೆಳೆಸಿ ನೋಡಿದರು. ಗಿಡ ಆ ಲೋಹಗಳನ್ನು ನೀರಿನಿಂದ ಹೀರಿ ತನ್ನ ಮೈಯಲ್ಲಿ ಸಂಗ್ರಹಿಸಿತು. ಕೊಳೆತ ನೀರನ್ನು ಶುದ್ಧಗೊಳಿಸಲು ಇಂಥ ಗಿಡ ಉಪಕಾರಿ. ಆದರೆ ಅದೇ ಗಿಡವನ್ನು ಕಿತ್ತು ತಂದು ಮಗುವಿನ ಬಾಯಿಗೆ ಇಟ್ಟರೆ? ಊರಿನ ಚರಂಡಿ ಸೇರುವ ಕೆರೆ, ಕಾರ್ಖಾನೆಯ ನೀರು ಹರಿಯುವ ಹಳ್ಳ, ಕೀಟನಾಶಕ ಸಿಂಪಡಿಸಿದ ಗದ್ದೆಯ ಬಸಿನೀರು, ಎಲ್ಲ ಕಡೆಯೂ ಈ ಗಿಡ ಒಂದೇ ಹಸಿರಿನಿಂದ ನಗುತ್ತಿರುತ್ತದೆ. ಎಲೆಯ ಬಣ್ಣ ನೋಡಿ ಒಳಗಿರುವುದನ್ನು ತಿಳಿಯುವ ವಿದ್ಯೆ ನಮಗಿಲ್ಲ.

ಹಿಂದಿನ ಪಂಡಿತರು ಮೂಲಿಕೆ ಕೀಳುವಾಗ ಗಿಡದ ಗುರುತಿನಷ್ಟೇ ನೆಲದ ಗುರುತನ್ನೂ ನೋಡುತ್ತಿದ್ದರು. ಹುತ್ತದ ಮೇಲಿನದು, ಸ್ಮಶಾನದ ಬಳಿಯದು, ಚೌಳು ನೆಲದ್ದು, ಕೆಸರಿನದು ಬೇಡ ಎಂಬ ವಿಧಿಗಳು ಆಯುರ್ವೇದ ಗ್ರಂಥಗಳಲ್ಲಿವೆ. ಅವುಗಳಲ್ಲಿ ಕೆಲವನ್ನು ಮೂಢನಂಬಿಕೆ ಎಂದು ನಾವು ಪಕ್ಕಕ್ಕಿಟ್ಟೆವು. ಮದ್ದಿನ ಗುಣ ನೆಲದ ಗುಣವನ್ನು ಅವಲಂಬಿಸಿದೆ ಎಂಬ ತಿಳಿವಳಿಕೆಯನ್ನು ಅದರೊಂದಿಗೇ ಬಿಟ್ಟುಬಿಟ್ಟೆವು.

ಮನೆಗೆ ಬೇಕೆಂದರೆ ಕಷ್ಟವೇನಿಲ್ಲ. ಗೆಣ್ಣಿರುವ ಒಂದು ತುಂಡನ್ನು ಒಳ್ಳೆಯ ಮಣ್ಣು ತುಂಬಿದ ಕುಂಡದಲ್ಲಿ ನೆಟ್ಟು, ಕುಡಿಯುವ ನೀರನ್ನೇ ಹಾಕಿ ಸದಾ ಒದ್ದೆಯಾಗಿಟ್ಟರೆ ಕೆಲವೇ ವಾರಗಳಲ್ಲಿ ಕುಂಡ ತುಂಬುತ್ತದೆ. ಹಳೆಯ ಎಲೆಯನ್ನೆಲ್ಲ ತೆಗೆದುಹಾಕಿ ಹೊಸ ಚಿಗುರನ್ನಷ್ಟೇ ಬಳಸುವುದು ಲೇಸು.

ಹೊರಡುವ ಮುನ್ನ ತಾತನಿಗೆ ಇಷ್ಟನ್ನೂ ಹೇಳಿದ್ದಾಯಿತು. ಅವರು ಕೈಯಲ್ಲಿದ್ದ ಕಡ್ಡಿಯನ್ನು ತಿರುಗಿಸಿ ನೋಡಿ, ‘ಅಂಗಾದ್ರೆ ಇದು ಮದ್ದು ಅನ್ನೋದಕ್ಕಿಂತ ಮುಂಚೆ ನೀರು ಎಂಥದು ಅಂತ ನೋಡ್ಬೇಕು ಅನ್ನು’ ಎಂದರು. ನಂತರ ಕೆಳಗಿನ ಗದ್ದೆಯ ಕಡೆ ಕೈ ತೋರಿಸಿ, ‘ಆ ಮೂಲೇಲಿ ಒಂದು ಕಾಲುವೆ ತಗುದ್ರೆ ಸರಿಹೋಗ್ತದೆ. ಪಕ್ಕದೋರು ಒಪ್ಬೇಕಲ್ಲ ಕಣಪ್ಪ’ ಎಂದರು.

ಮಣ್ಣು ಪರೀಕ್ಷೆಗೆ ಹೋಗಬಹುದು, ಜಿಪ್ಸಂ ಅಂಗಡಿಯಲ್ಲಿ ಸಿಗಬಹುದು. ಪಕ್ಕದವರು ಒಪ್ಪುವವರೆಗೂ ಆ ಮೂಲೆಯಲ್ಲಿ ನೀರು ನಿಂತಿರುತ್ತದೆ, ನೀರುಬ್ರಾಹ್ಮಿ ಹೂ ಬಿಡುತ್ತಿರುತ್ತದೆ.